ಅಕ್ಕಿ ಮುಟ್ಟದ ಇಲಿ

ನಾಟಿಗೆ ಮುಂಚೆ ಬಹಾತನ್‌ನ ಗದ್ದೆಯಲ್ಲಿ ನೀರು ನಿಲ್ಲದಾಯಿತು. ಕಲ್ಲುಕಟ್ಟೆಯ ಸಂದಿನಿಂದ ಹಗಲಿಡೀ ಜಿನುಗುತ್ತಿತ್ತು. ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಮ್ಮ ಇಫುಗಾವೋ ಬೆಟ್ಟದಲ್ಲಿ ಮೇಲಿನ ಕಟ್ಟೆ ಕುಸಿದರೆ ಕೆಳಗಿನವರ ಗದ್ದೆಯೂ ಹೋಯಿತೆಂದೇ ಲೆಕ್ಕ. ಕೆಳಗಿನದು ಊರೆಲ್ಲ ಅತ್ತೆ ಎನ್ನುವ ವಿಧವೆ ಲುನಾಗ್‌ಳದು.

ಕಟ್ಟೆಯ ಬುಡದಲ್ಲೆಲ್ಲ ಇಲಿ ಕೆದರಿದ ಗುಂಡಿಗಳಿದ್ದವು. ಬಹಾತನ್ ಪೇಟೆಯಿಂದ ಇಲಿಪಾಷಾಣ ತಂದ.

ಲುನಾಗ್ ಜಗಳಕ್ಕೆ ಬರಲಿಲ್ಲ. ಎರೆಹುಳು ಕಟ್ಟಿದ್ದ ತನ್ನ ಬೋನಿಗೆ ಬೆಳಿಗ್ಗೆ ಬಿದ್ದಿದ್ದ ಇಲಿಯನ್ನು ಬೋನಿನೊಂದಿಗೇ ಕಟ್ಟೆಯ ಬಳಿಗೆ ಎತ್ತಿಕೊಂಡು ಬಂದಳು. ಕಾಡಿನ ಇಲಿ. ಕಪ್ಪು ಬೆನ್ನಿನ ನಡುವೆ ಮಾಸಲು ಕಿತ್ತಳೆ ಬಣ್ಣದ ಒಂದು ಗೆರೆ.

"ಇದೇ ತಾನೇನಪ್ಪ ನಿನ್ನ ಕಳ್ಳ?"

"ಇದೇ ಅತ್ತೆ. ಕೊಲ್ಲೋದು ಬಿಟ್ಟು ಮೆರವಣಿಗೆ ಮಾಡ್ತಿದ್ದೀಯಲ್ಲ."

"ಕಳ್ಳನಿಗೂ ಊಟ ಹಾಕಿ ವಿಚಾರಿಸಬೇಕು. ಒಂದು ಹಿಡಿ ಅಕ್ಕಿ ತರಿಸು."

ಅವನ ಹೆಂಡತಿ ಇಮ್ಮಾಯಾ ಅಕ್ಕಿ ತಂದಳು, ಪಾಪವೆಂದು ಒಂದು ತುಂಡು ಗೆಣಸನ್ನೂ ತಂದಳು. ಬೋನಿನೊಳಗೆ ಹಾಕಿದರೆ ಇಲಿ ಎರಡನ್ನೂ ತುಳಿದುಕೊಂಡು ಆಚೆ ಮೂಲೆಗೆ ಹೋಯಿತು. ಆಗ ಲುನಾಗ್ ನೀರು ಜಿನುಗುವಲ್ಲಿ ಕೈಹಾಕಿ ಬೆರಳು ದಪ್ಪದ ಎರೆಹುಳುವೊಂದನ್ನು ಎಳೆದಳು. ಅದು ಹೊರಬಂದ ತೂತಿನಿಂದ ನೀರು ಚಿಮ್ಮಿತು. ಬೋನಿಗೆ ಹಾಕಿದ ಹುಳುವನ್ನು ಇಲಿ ಎರಡೂ ಕೈಯಲ್ಲಿ ಹಿಡಿದು, ಮಣ್ಣು ಒರೆಸಿ ಒರೆಸಿ, ಮಗು ಶಾವಿಗೆ ಎಳೆದುಕೊಳ್ಳುವಂತೆ ತಿಂದಿತು. ನೋಡಲು ನೆರೆದಿದ್ದ ನಾವೆಲ್ಲ ನಕ್ಕೆವು. ಬಹಾತನ್ ಮಾತ್ರ ತೂತನ್ನೇ ನೋಡುತ್ತಿದ್ದ.

"ಕಟ್ಟೆ ಕೊರೆದದ್ದು ಹುಳ ಕಣೋ. ಇದು ಅದನ್ನ ಹುಡುಕ್ಕೊಂಡು ಬಂದದ್ದು."

"ಹಾಗಾದ್ರೆ ಹೋದ ವರ್ಷ ಭತ್ತ ತಿಂದೋರು ಯಾರು?"

ಇಲಿಗಳ ಹೊಟ್ಟೆ ಸೀಳಿ ನೋಡಿದ ಸಂಶೋಧಕರು ಊರಸಭೆಯಲ್ಲಿ ಹೇಳಿದ್ದನ್ನು ಲುನಾಗ್ ಮರೆತಿರಲಿಲ್ಲ. ಭತ್ತ ತಿನ್ನುವುದು ಕಣಜದ ಸುತ್ತ ಓಡಾಡುವ, ಬೆನ್ನಲ್ಲಿ ಗೆರೆಯಿಲ್ಲದ ಊರಿನ ಇಲಿ. ಅದಕ್ಕೆ ಬೋನು ಸಾಕು ಎಂದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಿನ್ನ ಪಾಷಾಣ ಇಳಿದು ಬರೋದು ನನ್ನ ಗದ್ದೆಗೇ. ಅಲ್ಲಿ ಬಸವನಹುಳ ಹೆಕ್ಕಿ ತಿನ್ನೋದು ನಿನ್ನ ಮಕ್ಕಳೇ."

ಬಹಾತನ್ ಪೊಟ್ಟಣವನ್ನು ಬಿಚ್ಚದೆ ಅಂಗಡಿಗೆ ಹಿಂತಿರುಗಿಸಿದ. ಇಲಿಯನ್ನು ಕಾಡಿನಂಚಿನಲ್ಲಿ ಬಿಟ್ಟ. ಕಟ್ಟೆಗೆ ಮಣ್ಣು ಮೆತ್ತುವಾಗ ಲುನಾಗ್ ಕರೆಯದೆಯೇ ಬಂದು ಜೊತೆಗೆ ನಿಂತಳು. ಕಟ್ಟೆ ನಿಂತಿತು, ಎರಡೂ ಗದ್ದೆ ಬೆಳೆದವು.

ಹೊಸ ಅಕ್ಕಿಯ ಊಟದ ದಿನ ಬಹಾತನ್ ಇಲಿಗೆಂದು ಒಂದು ಹಿಡಿ ಅನ್ನವನ್ನು ಬೇರೆ ತೆಗೆದಿಟ್ಟವನು, ಕೈ ತಡೆದ.

"ಉಪಕಾರ ತೀರಿಸೋಣ ಅಂದ್ರೆ ಅದು ಇದನ್ನ ಮುಟ್ಟೋದೇ ಇಲ್ವಲ್ಲ ಅತ್ತೆ."

"ಸರಿ, ನನ್ನ ತಟ್ಟೆಗೆ ಹಾಕು," ಎಂದಳು ಲುನಾಗ್.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಗದ್ದೆಗೆ ಪಾಷಾಣ ಹಾಕಬೇಡಿ. ಬೆನ್ನಿನ ಮೇಲೆ ಗೆರೆಯಿರುವ ಇಲಿ ನಿಮ್ಮ ಬೋನಿಗೆ ಬಿದ್ದರೆ ಬಾಗಿಲು ತೆರೆದುಬಿಡಿ. ನಮ್ಮ ಕಟ್ಟೆ ಕಾಯುವ ಆ ಪುಟ್ಟ ಕೈಗಳು ನಮ್ಮಿಂದ ಕೇಳುವುದು ಅಷ್ಟನ್ನೇ.