ಬಂದ ಹಬೆ, ಮರಳಿದ ನೀರು

ಸತ್ತ ಬಸವಲಿಂಗಯ್ಯನ ಎಡಗೈ ಬೆರಳುಗಳನ್ನು ಜಂಗಮರಾದ ಚನ್ನಮಲ್ಲಯ್ಯನವರು ಒಂದೊಂದಾಗಿ ಬಿಡಿಸುತ್ತಿದ್ದರು. ಅಂಗೈಯಲ್ಲಿ ಇಷ್ಟಲಿಂಗ ಇಡಬೇಕು. ಬೆರಳುಗಳು ಏನನ್ನೋ ಬಿಗಿಹಿಡಿದಂತೆ ಮಡಿಸಿಕೊಂಡಿದ್ದವು. ಚನ್ನರಾಯನದುರ್ಗದ ಆ ಮನೆಯ ಪಡಸಾಲೆಯಲ್ಲಿ, ಗೋಡೆಗೊರಗಿಸಿ ಕೂರಿಸಿದ ದೇಹದ ಸುತ್ತ ಜನ ಸೇರಿದ್ದರು.

"ಇದೇನಪ್ಪ, ಅಂಗೈ ಬೆಂದೋಗೈತೆ?"

"ಬಿದ್ದಾಗ ಕೈ ಕಾದ ವಾಲ್ವಿನ ಚಕ್ರದ ಮೇಲೇ ಇತ್ತು ಅಯ್ನೋರೆ," ಎಂದ, ಬಸವಲಿಂಗಯ್ಯ ಕೆಲಸಕ್ಕಿದ್ದ ವಿದ್ಯುತ್ ಸ್ಥಾವರದ ಮ್ಯಾನೇಜರ್ ಹಾಲೇಶ್. "ಎದೆನೋವು. ಯಾರೂ ಹೋಗಿ ಅಂದಿರ್ಲಿಲ್ಲ. ಅವ್ರಾಗೇ ಕೆಳಗಿಳಿದು ಹೋಗಿದ್ದು."

ಕಂಬದ ಪಕ್ಕ ನಿಂತಿದ್ದ ಆಶಾರಾಣಿ ತಲೆ ತಗ್ಗಿಸಿದಳು. ಹೋಗಿ ಎಂದವಳು ಅವಳೇ. ಅದನ್ನು ಅವನ ಹೆಂಡತಿ ಬಸವಮ್ಮನಿಗೆ ಹೇಳಿಬಿಡಬೇಕೆಂದೇ ಮಧುಗಿರಿಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು.

"ಬದುಕಿರೋಗಂಟ ಒಂದ್ಗಳಿಗೆ ಕುಂತೋನಲ್ಲ," ಎಂದ ನೆರೆಮನೆಯ ದೇವರಾಜು. "ಈಗ ನೋಡು, ಹೆಂಗೆ ಯಜಮಾನನಂಗೆ ಕುಂತವ್ನೆ!"

"ಕುಂತ್ಕಳಿ ಅಂದ್ರೆ ನನ್ ಮ್ಯಾಲೇ ರೇಗೋರು ಕಣಪ್ಪ," ಬಸವಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಕುಕ್ಕರು ಒಂಚೂರು ಬುಸ್ ಅಂದ್ರೆ ಸಾಕು, ಅನ್ನ ಬೇಯೋಕೆ ಮುಂಚೇನೇ ಬಿಚ್ಚಾಕೋರು. ಎಷ್ಟ್ ದಿನ ಅರೆಬೆಂದ ಅನ್ನ ಉಂಡಿದೀವೋ!"

ಅಳುತ್ತಿದ್ದವರೂ ನಕ್ಕುಬಿಟ್ಟರು.

*

ಗೌಡಗೆರೆಯ ಕಡೆಯ ಆ ಸಣ್ಣ ಸ್ಥಾವರದಲ್ಲಿ ಕಡಲೆಕಾಯಿ ಸಿಪ್ಪೆ ಉರಿಸಿ, ಹಬೆಯೆಬ್ಬಿಸಿ ಟರ್ಬೈನ್ ತಿರುಗಿಸುತ್ತಾರೆ. ರಿಪೇರಿಯಾದ ಟರ್ಬೈನು ಎಷ್ಟು ಹಬೆಗೆ ಎಷ್ಟು ಕರೆಂಟು ಕೊಡುತ್ತದೆಂದು ಪರೀಕ್ಷಿಸಲು ಆಶಾರಾಣಿ ಹೋಗಿದ್ದಳು. ಪರೀಕ್ಷೆ ನಡೆಯುವಾಗ ಒಳಹೋದ ಹಬೆಯೆಲ್ಲ ತಣಿದು, ನೀರಾಗಿ ಅಷ್ಟಕ್ಕಷ್ಟೇ ಮರಳಬೇಕು. ಅಂದು ನೀರು ಕಡಿಮೆ ತೋರಿಸುತ್ತಿತ್ತು. ಕೆಳಗೆ ನೀರು ಬಸಿದುಬಿಡುವ ಡ್ರೇನ್ ವಾಲ್ವಿನಲ್ಲಿ ಹಬೆ ಸೋರುತ್ತಿರಬೇಕೆಂದು ಬಸವಲಿಂಗಯ್ಯನಿಗೆ ಮತ್ತೆ ಫೋನು ಮಾಡಿದಳು.

"ಆಗ್ಲೇ ಬಿಗಿ ಮಾಡ್ಬಂದ್ನಲ್ಲ ತಾಯಿ."

"ಇನ್ನೊಂದ್ಸಲ ನೋಡ್ಬಿಡಿ ಬಸವಲಿಂಗಯ್ನೋರೆ. ತಾಳೆ ಆಗ್ತಾನೇ ಇಲ್ಲ."

"ಕೆಳಗೆ ಕುಲುಮೆ ಇದ್ದಂಗೈತೆ. ಎದೆ ಬೇರೆ ಯಾಕೋ ಹಿಡ್ಕಂಡಂಗಾಯ್ತದೆ... ಆಗ್ಲಿ ಬುಡಿ, ಹೋಯ್ತೀನಿ. ನಿಮ್ ಮೀಟ್ರು ಸುಳ್ಳು ಹೇಳ್ತದಾ?"

ಎದೆ ಎಂದದ್ದು ಅವಳಿಗೆ ಕೇಳಿಸಿತ್ತು. ಬೇಡ ಎನ್ನಲಿಲ್ಲ. ಕಣ್ಣು ಅಂಕಿಯ ಮೇಲಿತ್ತು.

ಅವನನ್ನು ಹೊತ್ತೊಯ್ದ ಮೇಲೆ ಮೀಟರು ಬಿಚ್ಚಲು ಹೋದಾಗ ಕಂಡಿತು. ನೀರಿನ ಮೀಟರಿಗಿದ್ದ ಪುಟ್ಟ ವಾಲ್ವು ಚೂರು ತೆರೆದೇ ಇತ್ತು. ಮೀಟರು ಸೊನ್ನೆಯನ್ನು ಸರಿಯಾಗಿ ತೋರಿಸುತ್ತದೆಯೇ ಎಂದು ಬೆಳಿಗ್ಗೆ ನೋಡಲು ತೆರೆದವಳು ಪೂರ್ತಿ ಮುಚ್ಚಿರಲಿಲ್ಲ. ಅದು ತೆರೆದಿದ್ದರೆ ಮೀಟರು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮುಚ್ಚಿದಳು. ಅಂಕಿ ಮೇಲೇರಿ ಹಬೆಗೂ ನೀರಿಗೂ ತಾಳೆಯಾಯಿತು. ಕೆಳಗೆ ಯಾವ ವಾಲ್ವೂ ಸೋರುತ್ತಿರಲಿಲ್ಲ.

*

ದೇಹವನ್ನು ಗುಂಡಿಗೆ ಇಳಿಸುವ ಮೊದಲು ಬಸವಮ್ಮ ಆಶಾರಾಣಿಯ ಮಣಿಕಟ್ಟು ಹಿಡಿದಳು.

"ಪರೀಕ್ಷೆಗೆ ಬಂದಿದ್ದೋಳು ನೀನೇ ಅಲ್ವೇನವ್ವ? ಹಾಲೇಶಪ್ಪ, ಅವ್ರಾಗೇ ಹೋದ್ರು ಅಂತಾರೆ. ಸುಮ್‌ಸುಮ್ನೆ ಸಾಯಾಕೆ ಹೋದ್ರಾ? ನಿಜ ಹೇಳು."

"ನಾನೇ ಹೋಗಿ ಅಂದಿದ್ದಮ್ಮ," ಎಂದಳು ಆಶಾರಾಣಿ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತು ಅಷ್ಟಕ್ಕೇ ನಿಂತಿತು. ಬಸವಮ್ಮನ ಕಣ್ಣು ಅವಳ ಮುಖ ಬಿಡಲಿಲ್ಲ. "ಡ್ರೇನ್ ಸೋರ್ತಿತ್ತು. ಅದಕ್ಕೆ."

"ನಿಂತ್ತಾ ಸೋರೋದು?"

"ನಿಂತ್ತು. ಅವ್ರು ಬಿಗಿ ಮಾಡಿದ್ಮೇಲೆ ಎಲ್ಲ ಸರಿಹೋಯ್ತು."

ಬಸವಮ್ಮನ ಹಿಡಿತ ಸಡಿಲವಾಯಿತು. "ಕೇಳ್ದೇನ್ಲಾ ದೇವರಾಜ? ಇವ್ರ ಕೈಲೇ ಸರಿಹೋಯ್ತಂತೆ!"

"ಅಂಗನ್ನು ಮತ್ತೆ! ನಮ್ ಬಸವಲಿಂಗಣ್ಣ ಅಂದ್ರೆ ಸುಮ್ನೇನಾ?"

ಮಾತು ಗುಂಡಿಯ ಆಚೆ ಬದಿಗೂ ದಾಟಿತು. ಹಾಲೇಶನೂ ತಲೆಯಾಡಿಸಿದ. ಬಸವಮ್ಮ ವಿಭೂತಿಯಲ್ಲಿ ಮೂರು ಬೆರಳದ್ದಿ ಆಶಾರಾಣಿಯ ಹಣೆಗೆ ಎಳೆದಳು. "ಅವ್ರ ಕೊನೇ ಮಾತು ನಿನ್ ಜೊತೆ ಆಡವ್ರೆ. ಮೊದ್ಲು ನೀನೇ ಹಾಕು ಮಣ್ಣ."

ಮೀಟರಿನ ವಿಷಯ ಇನ್ನು ಯಾರಿಗೂ ಹೇಳುವುದಿಲ್ಲ ಎಂದು ಆಶಾರಾಣಿ ಆಗಲೇ ನಿಶ್ಚಯಿಸಿದಳು. ಬಸವಮ್ಮನಿಗಾಗಿಯೋ ತನಗಾಗಿಯೋ ಎಂದು ಕೇಳಿಕೊಳ್ಳಲಿಲ್ಲ. ದೇಹ ಇಳಿಸಿದ ಮೇಲೆ ಬಗ್ಗಿ ಮಣ್ಣು ತೆಗೆದುಕೊಂಡಳು. ಬಿಸಿಲಿಗೆ ಬೆವರೊಡೆದು, ಹಣೆಯ ವಿಭೂತಿ ಕರಗಿ ಹುಬ್ಬಿನಿಂದ ಕಣ್ಣಿಗಿಳಿಯಿತು. ಉರಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.