ಬ್ಯಾಂಕಿನೊಳಗೊಂದು ಜಗಲಿ

ಹೊಣಕೆರೆಯ ಸಹಕಾರಿ ಬ್ಯಾಂಕಿನ ಹೊಸ ಕಚೇರಿಯ ಒಳವಿನ್ಯಾಸ ಅರ್ಪಿತಳದು. ಬ್ಯಾಂಕಿನ ಗುರುತಾದ ಎಳೆಹಸಿರು ಬಣ್ಣ ಗೋಡೆಯಿಂದ ಸೋಫಾದವರೆಗೆ ಹದವಾಗಿ ಹರಡಿತ್ತು; ನೆಲವಂತೂ ಕನ್ನಡಿ. ಇವತ್ತು ಅಧ್ಯಕ್ಷರು ನೋಡಿ ಒಪ್ಪಿದರೆ ಮಿಕ್ಕ ಶಾಖೆಗಳ ಕೆಲಸವೂ ಅವಳಿಗೇ ಸಿಗುತ್ತಿತ್ತು.

ಬಾಗಿಲು ತೆರೆದದ್ದೇ ತಡ, ಜನ ಬಂದರು. ಬಂದವರೆಲ್ಲ ಚಪ್ಪಲಿಯನ್ನು ಹೊರಗೇ ಬಿಟ್ಟು, ಸೋಫಾಗಳನ್ನು ಸುತ್ತುಹಾಕಿಕೊಂಡು ಹೋಗಿ, ಗೋಡೆಗೊರಗಿ ನೆಲದ ಮೇಲೆ ಕುಳಿತರು. ಅಧ್ಯಕ್ಷರು ಬರುವ ಹೊತ್ತಾಗಿತ್ತು. ಅರ್ಪಿತ ಕೊಟ್ಟಿಗೆಯಿಂದ ನೇರವಾಗಿ ಬಂದಿದ್ದ ಬೆಟ್ಟಮ್ಮನೆಂಬ ಮುದುಕಿಯ ಹತ್ತಿರ ಹೋಗಿ, "ಮೇಲೆ ಕೂತ್ಕೊಳ್ಳಿ ಅಮ್ಮ" ಎಂದಳು.

"ಸಗಣಿ ಸೀರೇಲಿ ಕೂತ್ರೆ ಒರ್ಸೋರ್ ಯಾರವ್ವ? ನೀನೇ ಮಾಡ್ಸಿದ್ದಾ? ಭೋ ಚೆಂದಾಗದೆ ಬುಡು, ಕೊಳೆ ಮಾಡಬಾರ್ದು."

ಅವರು ಅಂಜಿ ಕೆಳಗೆ ಕುಳಿತಿರಲಿಲ್ಲ, ತಾನು ಮಾಡಿದ ಕೆಲಸ ಕೊಳೆಯಾಗದಂತೆ ಕಾಯುತ್ತಿದ್ದರು! ಅರ್ಪಿತಳ ಕಣ್ಣು ತುಂಬಿತು.

ಅಷ್ಟರಲ್ಲಿ ಅಧ್ಯಕ್ಷ ದ್ಯಾವಯ್ಯ ಬಂದರು. "ಇದ್ಯಾಕವ್ವ, ಸೋಫಾ ಎಲ್ಲಾ ಖಾಲಿ?"

ಏನಾದರೊಂದು ನೆಪ ಹೇಳಬಹುದಿತ್ತು. ಅರ್ಪಿತ ಹೇಳಲಿಲ್ಲ. "ಸೋಫಾ ಕೊಳೆಯಾಗುತ್ತೆ ಅಂತ ಯಾರೂ ಕೂತಿಲ್ಲ, ತಪ್ಪು ನಂದೇ ಸಾರ್. ಇವ್ರಿಗೆ ಬೇಕಾಗಿರೋದು ನೀರು ಹಾಕಿ ತೊಳೆಯೋ ಕಲ್ಲಿನ ಜಗಲಿ. ಈ ಗೋಡೆಯುದ್ದಕ್ಕೂ ಕಟ್ಟಿಸ್ತೀನಿ, ಅಂಚಿಗೆ ನಮ್ಮ ಬ್ಯಾಂಕಿನ ಹಸಿರೇ ಇರುತ್ತೆ."

ದ್ಯಾವಯ್ಯ ತಲೆದೂಗಿದರು. "ಮಾಡಿದ್ನ ತಪ್ಪು ಅನ್ನೋ ಎಂಜಿನಿಯರ್ನ ಇವತ್ತೇ ಕಂಡಿದ್ದು. ಕಟ್ಸು. ಮಿಕ್ಕವೂ ನೀನೇ ಮಾಡವ್ವ."

"ಜಗಲಿ ಎತ್ತರ ಮಾಡ್ಬುಟ್ಟೀಯ, ಕಾಲು ನೇತಾಡ್ತವೆ!" ಎಂದಳು ಬೆಟ್ಟಮ್ಮ.

ಅರ್ಪಿತ ನಗುತ್ತ ಅವಳನ್ನು ಕೈಹಿಡಿದು ಎಬ್ಬಿಸಿ, ಟೇಪು ತೆಗೆದು, ನೆಲದಿಂದ ಅವಳ ಮಂಡಿಯವರೆಗೆ ಅಳೆದಳು.