ನೀಲಾವತಿ ಮಾಡಿದ ಅನ್ನ

ನನ್ನ ಸೊಸೆ ನೀಲಾವತಿಯನ್ನು ಅವಳು ಮದುವೆಯಾಗಿ ಬಂದ ದಿನದಿಂದ ಊರಿನವರು ನೀಲಿ ಅಂತಲೇ ಕೂಗುತ್ತಿದ್ದರು. ಸಂತೆಮರಹಳ್ಳಿಯ ಅವಳ ಅಪ್ಪ ಚಿಕ್ಕಬಸವಯ್ಯ, ತನ್ನ ಮಗಳನ್ನು ಯಾರೂ ತುಂಡು ಹೆಸರಿನಲ್ಲಿ ಕರೆಯಬಾರದು ಅಂತಲೇ ಅಷ್ಟುದ್ದದ ಹೆಸರು ಇಟ್ಟಿದ್ದ. ಏನು ಮಾಡೋದು, ಹಂಗಳದ ಆಚೆಯ ನಮ್ಮೂರಲ್ಲಿ ಕೆಳಗಲ ಬೀದಿಯವರ ಹೆಸರು ಮೇಲಿನ ಬೀದಿಗೆ ಹೋಗುವಷ್ಟರಲ್ಲಿ ಸವೆದು ಅರ್ಧ ಆಗಿರುತ್ತೆ. ನನ್ನ ಹೆಸರು ಮೂಗಮ್ಮ. ಮೂಗಿ ಅಂದರು, ಓ ಅಂದೆ.

ನೀಲಾವತಿ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ವರ್ಷಗಟ್ಟಲೆ ತಟ್ಟೆ ತೊಳೆದಳು, ನೀರು ಹೊತ್ತಳು, ಕಸ ಗುಡಿಸಿದಳು. ಆಗ ಯಾರಿಗೂ ಏನೂ ಆಗಲಿಲ್ಲ. ಮೇಲಿನ ಬೀದಿಯ ಪುಟ್ಟಬಸಮ್ಮ ಅಡುಗೆ ಮಾಡುತ್ತಿದ್ದರು. ಅವರಿಗೆ ಅರವತ್ತು ತುಂಬಿ ಕೆಲಸ ಬಿಡಬೇಕಾಯಿತು, ಸೌಟು ನೀಲಾವತಿಯ ಕೈಗೆ ಬಂತು. ಅದೇ ಸಮಯಕ್ಕೆ ಟಿವಿಯಲ್ಲಿ ‘ನೀಲಾವತಿ’ ಅನ್ನೋ ಧಾರಾವಾಹಿಯೂ ಶುರುವಾಯಿತು.

ಆ ನೀಲಾವತಿ ದೊಡ್ಡ ಮನೆಯ ಸೊಸೆ. ಮಲಗುವಾಗಲೂ ರೇಷ್ಮೆ ಸೀರೆ. ಅತ್ತೆಯ ಪಾಯಸಕ್ಕೆ ದಿನವೂ ಏನೋ ಪುಡಿ ಬೆರೆಸುತ್ತಾಳೆ. ಅತ್ತೆ ಸಾಯುವುದೂ ಇಲ್ಲ, ಎದ್ದು ಓಡಾಡುವುದೂ ಇಲ್ಲ. ನಾನೂ ನೋಡುತ್ತಿದ್ದೆ. ನಮ್ಮ ನೀಲಾವತಿ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ, “ಅತ್ತೆ, ಆ ಪುಡಿ ಎಲ್ಲಿ ಸಿಕ್ತದೆ ಅಂತ ಒಸಿ ಕೇಳಿಸ್ಕೊಂಡು ಹೇಳಿ” ಅನ್ನೋಳು.

“ನೀ ಮಾಡೋ ಸಾರೇ ಸಾಕು ಬುಡಮ್ಮಿ” ಅನ್ನುತ್ತಿದ್ದೆ.

ನಮ್ಮ ನಗು ಮನೆಯೊಳಗೇ ಇತ್ತು. ಒಂದು ಬೆಳಿಗ್ಗೆ ಹಾಲಿನ ಡೈರಿ ಮುಂದೆ ರಾಜಶೇಖರ್, ಶಾಲಾ ಸಮಿತಿ ಅಧ್ಯಕ್ಷ ಚಿಕ್ಕಮಲ್ಲಪ್ಪನವರ ಮಗ, ನಾಲ್ಕು ಜನ ಕೇಳೋ ಹಾಗೆ ಕೂಗಿದ: “ಏನು ನೀಲಾವತಿ, ಇವತ್ತು ಯಾರ ಪಾಯಸಕ್ಕೆ?” ಅವನ ಬಾಯಲ್ಲಿ ಅವಳ ಹೆಸರು ಪೂರ್ತಿ ಬಂದದ್ದು ಅದೇ ಮೊದಲು. ಅವಳಿಗೆ ಒಂದು ಗಳಿಗೆ ಖುಷಿಯೇ ಆಯಿತಂತೆ, ಆಮೇಲೆ ಅರ್ಥವಾಯಿತಂತೆ.

ಆ ವಾರವೇ ರಾಜಶೇಖರನ ಮಗಳು ನಯನಾ ಮನೆಯಿಂದ ಊಟದ ಡಬ್ಬಿ ತಂದಳು. ಸೋಮವಾರದ ಹೊತ್ತಿಗೆ ಮೇಲಿನ ಬೀದಿಯ ಮಕ್ಕಳೆಲ್ಲ ಡಬ್ಬಿ ತಂದರು. ಕೇಳಿದವರಿಗೆಲ್ಲ ಒಂದೇ ಉತ್ತರ. “ಮಕ್ಳು ಹೆದ್ರಕತವೆ ಕಣವ್ವ. ಟಿವಿ ನೋಡ್ಬುಟ್ಟು ನೀಲಾವತಿ ಕೈ ಅನ್ನ ಬ್ಯಾಡ ಅಂತವೆ. ಎಳೇವು, ಏನ್ ಮಾಡನ?”

ಉಣ್ಣುವ ಮಕ್ಕಳು ಕಮ್ಮಿಯಾದರೆ ಅಡುಗೆಯವರನ್ನೂ ಕಮ್ಮಿ ಮಾಡುತ್ತಾರೆ. ಕೆಲಸ ಹೋಗುವುದು ನಿಶ್ಚಯ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೆಡ್‌ಮೇಷ್ಟ್ರು ಕುಮಾರಸ್ವಾಮಿ ಒಳ್ಳೆಯ ಮನುಷ್ಯ, ಆದರೆ ಜೋರಾಗಿ ಕೆಮ್ಮೋದಕ್ಕೂ ಅಧ್ಯಕ್ಷರ ಮುಖ ನೋಡೋರು. ಅವಳನ್ನು ಪಕ್ಕಕ್ಕೆ ಕರೆದು, “ಮೊದಲಿನ ಕೆಲಸಕ್ಕೇ ಹೋಗ್ತೀನಿ ಅಂತ ನೀನೇ ಬರಕೊಟ್ಬುಡಮ್ಮ, ಎಲ್ಲಾ ತಣ್ಣಗಾಗ್ತದೆ” ಅಂದರು.

“ತಟ್ಟೆ ತೊಳೆಯುವಾಗ ನನ್ ಹೆಸ್ರು ನೀಲಾವತಿ ಆಗಿರ್ಲಿಲ್ವ ಸಾ?” ಅಂದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಅವಳು ಚಾಮರಾಜನಗರಕ್ಕೆ ಬಸ್ಸು ಹತ್ತಿ ಹೋಗಿ ಜಿಲ್ಲಾ ಆಫೀಸಿಗೆ ಅರ್ಜಿ ಕೊಟ್ಟು ಬಂದಳು. ಸ್ವಲ್ಪ ದಿನಕ್ಕೆ ಗುಂಡ್ಲುಪೇಟೆಯಿಂದ ಒಬ್ಬರು ಮೇಡಂ ವಿಚಾರಣೆಗೆ ಬಂದರು. ಶಾಲೆಯ ಜಗಲಿ ಮೇಲೆ ಸಭೆ. ಮೇಲಿನ ಬೀದಿಯವರು ಕುರ್ಚಿಯಲ್ಲಿ, ನಾವು ಮೆಟ್ಟಿಲ ಮೇಲೆ.

ಚಿಕ್ಕಮಲ್ಲಪ್ಪ ಎದ್ದು ನಿಂತು ಕೈ ಮುಗಿದರು. “ಮೇಡಂ, ನಮ್ಮೂರಲ್ಲಿ ಜಾತಿಗೀತಿ ಅಂತ ಯಾರೂ ನೋಡಕಿಲ್ಲ. ಎಲ್ಲಾರೂ ಒಂದೇ. ಇದು ಬರೀ ಹೆಸರಿನ ದೆಸೆಯಿಂದ ಆಗಿರೋದು. ಮಕ್ಕಳ ಮನಸ್ಸು, ನಾವೇನ್ ಬಲವಂತ ಮಾಡಕ್ಕಾಯ್ತದಾ?”

ಮೇಡಂ ಬರೆದುಕೊಂಡರು. ನೀಲಾವತಿ ಎದ್ದಳು.

“ಹಂಗಾರೆ ಹೆಸ್ರು ಬದಲಾಯಿಸ್ಕತೀನಿ ಅಧ್ಯಕ್ಷರೇ.”

ಮೇಡಂ ಪೆನ್ನು ನಿಲ್ಲಿಸಿ ತಲೆ ಎತ್ತಿದರು. ನೀಲಾವತಿ ಮುಂದುವರಿಸಿದಳು.

“ಯಾವ ಹೆಸರಿನೋಳು ಮಾಡಿದ್ರೆ ಮಕ್ಕಳು ಉಣ್ತವೆ? ನೀವೇ ಹೇಳಿ, ಅದ್ನೇ ಇಟ್ಕತೀನಿ. ಪುಟ್ಟಬಸಮ್ಮ ಅನ್ನಲಾ? ಅವರ ಅನ್ನ ಉಣ್ತಿದ್ರಲ್ಲ.”

ಪುಟ್ಟಬಸಮ್ಮ ಕುರ್ಚಿಯಿಂದಲೇ ಸಿಡಿದರು. “ನನ್ ಹೆಸ್ರು ಯಾಕಮ್ಮಿ ಎಳೀತೀಯ? ನಾನಿನ್ನೂ ಬದುಕಿವ್ನಿ!”

“ಬೇಡ ಬುಡಿ. ರೂಪಶ್ರೀ?”

ರಾಜಶೇಖರ್ ಮೇಲೆದ್ದ. ರೂಪಶ್ರೀ ಅವನ ಹೆಂಡತಿ. “ಏಯ್, ಮನೆ ಹೆಂಗಸರ ವಿಷಯಕ್ಕೆ ಬಂದ್ರೆ ಸರಿ ಇರಕಿಲ್ಲ, ನೋಡು!”

“ಕೂತ್ಕಳ್ಲಾ” ಅಂದರು ಚಿಕ್ಕಮಲ್ಲಪ್ಪ. ಮೇಡಂ ಕಡೆ ನೋಡಿ ನಗಲು ನೋಡಿದರು, ಆಗಲಿಲ್ಲ.

ಆಗ ನಾನು ಮೆಟ್ಟಿಲಿಂದ ಎದ್ದೆ. ಮಂಡಿ ನೋವು, ಏಳೋದು ನಿಧಾನ. ಅಷ್ಟು ಹೊತ್ತೂ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಚಿಕ್ಕಮಲ್ಲಪ್ಪನವರಿಗೆ ಕೈ ಮುಗಿದೆ.

“ಬುದ್ಧಿ, ನಿಮ್ಮವ್ವ ಚಿಕ್ಕಮಲ್ಲಮ್ಮನೋರು ಎಷ್ಟು ಒಳ್ಳೇರು. ಬಿಸಿಲಲ್ಲಿ ಕಳೆ ಕಿತ್ತು ಬಂದ್ರೆ ನಮ್ ಬೊಗಸೆಗೆ ಮಜ್ಜಿಗೆ ಹುಯ್ಯೋರು. ಕೈ ತಗುಲದ ಹಾಗೆ, ಅಷ್ಟೆತ್ತರದಿಂದ. ನನ್ ಸೊಸೆ ಆ ಹೆಸ್ರು ಇಟ್ಕಳ್ಳಲಿ. ಚಿಕ್ಕಮಲ್ಲಮ್ಮ ಮಾಡಿದ ಅನ್ನ ಅಂದ್ರೆ ಯಾವ ಮಗು ಹೆದ್ರಕತದೆ?”

ಬೇಕಂತಲೇ ಅಂದೆ. ಆ ಮನೆಯ ಹೊಲದಲ್ಲಿ ಬಗ್ಗಿ ಬಗ್ಗಿ ಅವರ ಸಿಟ್ಟು ಎಲ್ಲಿ ಕೂತಿರುತ್ತೆ ಅಂತ ನನಗೆ ಗೊತ್ತಿತ್ತು.

“ನಾಲಿಗೆ ಸೀಳ್ಬುಡ್ತೀನಿ ಮೂಗಿ!” ಚಿಕ್ಕಮಲ್ಲಪ್ಪನವರ ಕುರ್ಚಿ ಹಿಂದಕ್ಕೆ ಬಿತ್ತು. “ನಮ್ಮವ್ವನ ಹೆಸ್ರು ನಿಮ್ ಬೀದಿಯೋಳಿಗಾ? ಯಾವ ಹೆಸರಾದ್ರೂ ಇಟ್ಕಳಿ, ನೀವು ನೀವೇ! ನಿಮ್ ಕೈಲಿ ಬೇಯಿಸಿದ್ದನ್ನ ನಮ್ ಮಕ್ಳು ಉಣ್ಬೇಕಾ? ನನ್ ಹೆಣ ಬಿದ್ರೂ ಇಲ್ಲ!”

ಅಷ್ಟು ದಿನದಿಂದ ಧಾರಾವಾಹಿಯ ಹಿಂದೆ ಕೂತಿದ್ದ ಮಾತು ಹೊರಗೆ ಬಂದುಬಿಟ್ಟಿತು. ಮೇಷ್ಟ್ರು ತಲೆ ಬಗ್ಗಿಸಿದರು. ಮೇಡಂ ಹಾಳೆ ತಿರುವಿ, “ಅಧ್ಯಕ್ಷರೇ, ಈಗ ಅಂದದ್ದು ಇನ್ನೊಂದು ಸಲ ಹೇಳಿ. ಬರೆದುಕೊಳ್ಳಬೇಕು” ಅಂದರು.

“ಅದು... ಸಿಟ್ಟಲ್ಲಿ ಬಂದ ಮಾತು ಮೇಡಂ.”

“ಹೆಸರಿನ ವಿಷಯ ಅಂತ ಮೊದಲು ಬರೆದಿದ್ದೆ. ಅದನ್ನ ಹೊಡೆದು ಹಾಕಲಾ?”

ಅವರು ಬಿದ್ದ ಕುರ್ಚಿ ಎತ್ತಿಟ್ಟರು, ಕೂರಲಿಲ್ಲ, ಹೊರಟುಹೋದರು. ಹೋಗುವಾಗ ನನ್ನ ಕಾಲ ಹತ್ತಿರ ಉಗಿದರು.

ನೀಲಾವತಿಯ ಕೆಲಸ ಉಳಿಯಿತು. ಕಾಗದ ಬಂತು: ಉಣ್ಣುವ ಮಕ್ಕಳು ಎಷ್ಟೇ ಕಮ್ಮಿಯಾಗಲಿ, ಅವಳನ್ನು ತೆಗೆಯುವಂತಿಲ್ಲ. ಚೆಂಡು ಹೂ ಬಿಡಿಸುವ ಕಾಲಕ್ಕೆ ರಾಜಶೇಖರ್ ನಮ್ಮ ಬೀದಿಯವರನ್ನು ಒಬ್ಬರನ್ನೂ ಕೂಲಿಗೆ ಕರೆಯಲಿಲ್ಲ. ನಾವು ಭೀಮನಬೀಡಿನ ಕಡೆ ಆಟೋದಲ್ಲಿ ಹೋಗಿ ಹೂ ಬಿಡಿಸಿದೆವು. ಧಾರಾವಾಹಿಯ ನೀಲಾವತಿ ಕೊನೆಗೆ ಸಿಕ್ಕಿಬಿದ್ದು ಜೈಲಿಗೆ ಹೋದಳು, ಅತ್ತೆ ಎದ್ದು ಕೂತಳು, ಕಥೆ ಮುಗಿಯಿತು. ಮಾರನೇ ದಿನವೂ ಮೇಲಿನ ಬೀದಿಯಿಂದ ಡಬ್ಬಿಗಳು ಬಂದವು.

ಕೊನೆಕೊನೆಗೆ ಡಬ್ಬಿ ತರೋದು ಕೆಲವರಿಗೆ ಬೇಸರವಾಗಿ ಒಂದಷ್ಟು ಮಕ್ಕಳು ತಟ್ಟೆ ಹಿಡಿದರು. ನಯನಾ ಇನ್ನೂ ಹಿಡಿದಿಲ್ಲ.

ಮೊನ್ನೆ ನಾನು ಅಡುಗೆ ಕೋಣೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಚಿಕ್ಕಮಲ್ಲಪ್ಪ ಗೇಟಿನ ಹತ್ತಿರ ಬಂದು ನಿಂತರು. ಮಟಮಟ ಬಿಸಿಲು.

“ಏ ನೀಲಿ, ಮೇಷ್ಟ್ರು ಅವ್ರಾ?”

ನೀಲಾವತಿ ಸಾರು ತಿರುವುತ್ತಲೇ ಇದ್ದಳು.

“ನೀಲೀ! ನಿಂಗೇ ಕಣಮ್ಮಿ!”

ತಿರುಗಲಿಲ್ಲ. ಅವರು ನನ್ನ ಕಡೆ ನೋಡಿದರು. ನಾನು ಅವರೆಕಾಯಿ ನೋಡಿದೆ. ಆ ಮನುಷ್ಯ ಬಾಯಿ ತೆರೆದು, ಮುಚ್ಚಿ, ಕೊನೆಗೆ ತಾವೇ ಒಳಗೆ ಬಂದು ಒಂದೊಂದೇ ಕೋಣೆ ಇಣುಕಿ, ಶಾಲೆ ಪೂರ್ತಿ ಒಂದು ಸುತ್ತು ಹಾಕಿ, ಬೆವರು ಒರೆಸಿಕೊಳ್ಳುತ್ತಾ ವಾಪಸು ಹೋದರು.

ಮೇಷ್ಟ್ರು ಅವತ್ತು ರಜ. ಅವಳಿಗೆ ಗೊತ್ತಿತ್ತು.